ತೆಳು ಗೆರೆ ಮಾಯವಾಗದಂತೆ ಹೈ ಕಾಂಟ್ರಾಸ್ಟ್ ಸ್ಯಾನ್ಸ್ ಫಾಂಟ್ ಬಳಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಸ್ಕ್ರೀನಿನಲ್ಲಿ ನೋಡಿದಾಗ ತುಂಬಾ ಚೆಂದ. ಪ್ರಿಂಟ್ ಆಗಿ ಬಂದಾಗ ಅರ್ಧ ಅಕ್ಷರವೇ ಇಲ್ಲ. ಅಥವಾ ವೆಬ್‌ಸೈಟಿಗೆ ಹಾಕಿದ ಕೂಡಲೇ ಅದೇ ಫಾಂಟ್ ಊದಿಕೊಂಡು ಬೇರೆ ಯಾವುದೋ ಫಾಂಟಿನಂತೆ ಕಾಣುತ್ತದೆ. ಹೈ ಕಾಂಟ್ರಾಸ್ಟ್ ಸ್ಯಾನ್ಸ್ ಸೆರಿಫ್ ಬಳಸುವವರು ಮತ್ತೆ ಮತ್ತೆ ಹೇಳುವ ದೂರು ಇವೆರಡೇ.

ಯಾವ ಫಾಂಟುಗಳ ಮಾತು ಅಂತ ಮೊದಲು ಸ್ಪಷ್ಟ ಮಾಡಿಬಿಡೋಣ. ಅಕ್ಷರದ ತುದಿಗಳಲ್ಲಿ ಸೆರಿಫ್, ಅಂದರೆ ಪುಟ್ಟ ಅಡ್ಡಗೆರೆ, ಇರುವುದಿಲ್ಲ. ಆದರೆ ಒಂದೇ ಅಕ್ಷರದಲ್ಲಿ ಒಂದು ಗೆರೆ ದಪ್ಪ, ಇನ್ನೊಂದು ತೀರಾ ತೆಳು. ಆಪ್ಟಿಮಾದಲ್ಲಿ ಈ ವ್ಯತ್ಯಾಸ ಕಡಿಮೆ, ಪೆನ್ಯೋದಲ್ಲಿ ಜಾಸ್ತಿ. ಉಚಿತವಾಗಿ ಸಿಗುವ ಫೆಡೆರೊ, ಬೆಲ್ಲೆಝಾ ಕೂಡ ಇದೇ ಜಾತಿಯವು. ಶೀರ್ಷಿಕೆ, ಪೋಸ್ಟರ್, ಮುಖಪುಟ, ಲೋಗೋ ಇವಕ್ಕೆಲ್ಲ ಸೊಗಸಾಗಿ ಒಪ್ಪುತ್ತವೆ. ಪ್ಯಾರಾಗಳಿಗೆ ಬೇಡ.

ನಾವು ಫಾಂಟ್ ಆರಿಸುವುದು ದಪ್ಪ ಗೆರೆಯ ಅಂದ ನೋಡಿ. ಕೆಲಸ ಕೆಡುವುದು ತೆಳು ಗೆರೆಯಲ್ಲಿ. ಆದ್ದರಿಂದ ಕೆಳಗಿನ ಹಂತಗಳೆಲ್ಲ ತೆಳು ಗೆರೆಯಿಂದಲೇ ಶುರುವಾಗುತ್ತವೆ. ಅನುಕ್ರಮ ಬದಲಿಸಬೇಡಿ. ಅಂತರ ಸರಿ ಮಾಡಿ ಆದಮೇಲೆ ಸೈಜ್ ಬದಲಿಸಬೇಕಾಗಿ ಬಂದರೆ ಅಷ್ಟೂ ಕೆಲಸ ಮತ್ತೆ ಮಾಡಬೇಕಾಗುತ್ತದೆ.

## ಏನೇನು ಬೇಕು

ವೆಕ್ಟರ್ ಸಾಫ್ಟ್‌ವೇರ್ ಒಂದು ಸಾಕು. ಇಲ್ಲಸ್ಟ್ರೇಟರ್, ಅಫಿನಿಟಿ, ಇಂಕ್‌ಸ್ಕೇಪ್ ಯಾವುದಾದರೂ ಸರಿ. ಇಂಕ್‌ಸ್ಕೇಪ್ ಉಚಿತ. ಜೊತೆಗೆ ಒಂದು ಕ್ಯಾಲ್ಕುಲೇಟರ್ ಮತ್ತು ನಿಜವಾದ ಅಳತೆಯಲ್ಲಿ ಒಂದು ಪುಟವನ್ನಾದರೂ ಪ್ರಿಂಟ್ ತೆಗೆಯುವ ಅನುಕೂಲ. ವೆಬ್ ಕೆಲಸವಾದರೆ ಹಳೆಯ, ಕಡಿಮೆ ರೆಸಲ್ಯೂಷನ್ನಿನ ಮಾನಿಟರ್ ಒಂದಿದ್ದರೆ ಒಳ್ಳೆಯದು. ಹೊಸ ಫೋನಿನಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ, ಅದನ್ನು ನಂಬಬೇಡಿ.

## ಹಂತ 1: ಎಲ್ಲಿ ಹಾಕ್ತೀರಿ, ಎಷ್ಟು ದೂರದಿಂದ ಓದುತ್ತಾರೆ?

ಫಾಂಟ್ ಮೆನು ತೆರೆಯುವ ಮೊದಲು ಮೂರು ವಿಷಯ ಬರೆದಿಟ್ಟುಕೊಳ್ಳಿ. ಕೊನೆಗೆ ಇದು ಯಾವುದರ ಮೇಲೆ ಬರುತ್ತದೆ: ನಯವಾದ ಕಾಗದವೋ, ಒರಟು ಕಾಗದವೋ, ಬಟ್ಟೆಯೋ, ಸ್ಕ್ರೀನೋ? ನಿಜವಾದ ಸೈಜ್ ಎಷ್ಟು? ಓದುವವರು ಎಷ್ಟು ದೂರ ನಿಂತಿರುತ್ತಾರೆ?

ದೂರದ ಲೆಕ್ಕ ಹೆಚ್ಚಿನವರು ಹಾಕುವುದೇ ಇಲ್ಲ. ಸಾಮಾನ್ಯ ದೃಷ್ಟಿ ಇರುವವರು ಒಂದು ಮೀಟರ್ ದೂರದಿಂದ ಬಿಡಿಸಿ ನೋಡಬಲ್ಲ ವಿವರ ಸುಮಾರು 0.3 ಮಿ.ಮೀ. ಹತ್ತು ಮೀಟರಿನಿಂದ ನೋಡುವ ಬೋರ್ಡ್ ಆದರೆ ತೆಳು ಗೆರೆಯೇ 3 ಮಿ.ಮೀ. ಇರಬೇಕು. ಬೆಳಕು ಕಡಿಮೆ ಇರುವ ಜಾಗವಾದರೆ ಇನ್ನೂ ಜಾಸ್ತಿ.

ಫ್ಲೆಕ್ಸ್ ಅಥವಾ ದೊಡ್ಡ ಬ್ಯಾನರ್ ಫೈಲುಗಳನ್ನು ಹತ್ತನೇ ಒಂದು ಅಳತೆಯಲ್ಲಿ ಮಾಡುವ ರೂಢಿ ಇದೆ. ಹಾಗೆ ಮಾಡುವುದಾದರೆ ಮುಂದಿನ ಎಲ್ಲ ಲೆಕ್ಕವನ್ನೂ ಕೊನೆಯ ಅಳತೆಗೆ ಹಾಕಿ, ಆರ್ಟ್‌ಬೋರ್ಡಿನ, ಅಂದರೆ ಸಾಫ್ಟ್‌ವೇರಿನಲ್ಲಿ ತೆರೆದ ಪುಟದ, ಅಳತೆಗಲ್ಲ.

## ಹಂತ 2: ತೆಳು ಗೆರೆಯನ್ನು ಅಳೆಯಿರಿ

ಈ ಇಡೀ ಕೆಲಸದಲ್ಲಿ ಇದೊಂದು ಹಂತ ಸರಿಯಾಗಿ ಮಾಡಿದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು. ಐದು ನಿಮಿಷದ ಕೆಲಸ. ಆದರೂ ಯಾರೂ ಮಾಡುವುದಿಲ್ಲ.

ಫಾಂಟಿನಲ್ಲಿ ಇಂಗ್ಲಿಷಿನ ಕ್ಯಾಪಿಟಲ್ ಎನ್, ಎ, ಓ, ಇ (N, A, O, E) ಈ ನಾಲ್ಕು ಅಕ್ಷರ ಟೈಪ್ ಮಾಡಿ. ಸೈಜ್ 1000 ಪಾಯಿಂಟ್ ಇಡಿ. ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಪಠ್ಯವನ್ನು ಆಕೃತಿಯಾಗಿ ಬದಲಿಸಿ. ಈಗ ಅತಿ ತೆಳುವಾದ ಜಾಗ ಹುಡುಕಿ. ಎನ್‌ನಲ್ಲಿ ಅದು ನೇರ ನಿಂತ ಎರಡು ಗೆರೆಗಳು, ಓರೆಯಾಗಿ ಇಳಿಯುವ ಗೆರೆ ದಪ್ಪ. ಎ ಅಕ್ಷರದಲ್ಲಿ ಎಡಗೆರೆ ಮತ್ತು ನಡುವಿನ ಅಡ್ಡಪಟ್ಟಿ. ಓ ಅಕ್ಷರದಲ್ಲಿ ತಲೆ ಮತ್ತು ಬುಡ. ಇ ಅಕ್ಷರದಲ್ಲಿ ಮೂರು ಕೈಗಳು. ಅಳತೆ ಟೂಲಿನಿಂದ ಅದರ ದಪ್ಪವನ್ನು ಪಾಯಿಂಟಿನಲ್ಲಿ ಅಳೆಯಿರಿ.

1000 ಪಾಯಿಂಟೇ ಯಾಕೆ? ಲೆಕ್ಕ ಸುಲಭವಾಗಲಿ ಅಂತ. ಸಿಕ್ಕ ಅಂಕಿ 20 ಅಂದುಕೊಳ್ಳಿ. ಅಂದರೆ ತೆಳು ಗೆರೆ ಫಾಂಟ್ ಸೈಜಿನ ಸಾವಿರದಲ್ಲಿ 20 ಪಾಲು. 100 ಪಾಯಿಂಟಿಗೆ ಗೆರೆ 2 ಪಾಯಿಂಟ್, 24 ಪಾಯಿಂಟಿಗೆ 0.48 ಪಾಯಿಂಟ್, 12 ಪಾಯಿಂಟಿಗೆ ಬರೀ 0.24 ಪಾಯಿಂಟ್.

ಈಗ ಸೂತ್ರವನ್ನು ತಿರುಗಿಸಿ. ಬೇಕಾದ ಕನಿಷ್ಠ ದಪ್ಪವನ್ನು 1000ದಿಂದ ಗುಣಿಸಿ, ನಿಮಗೆ ಸಿಕ್ಕ ಅಂಕಿಯಿಂದ ಭಾಗಿಸಿ. ಬರುವುದು ಆ ಫಾಂಟನ್ನು ಬಳಸಬಹುದಾದ ಅತಿ ಚಿಕ್ಕ ಸೈಜ್.

ಕನಿಷ್ಠ ದಪ್ಪಕ್ಕೆ ನಾನು ಇಟ್ಟುಕೊಳ್ಳುವ ಮಿತಿಗಳು ಹೀಗಿವೆ. ಆಫ್‌ಸೆಟ್ ಪ್ರಿಂಟಿನಲ್ಲಿ ಬಿಳಿಯ ಮೇಲೆ ಕಪ್ಪು ಅಕ್ಷರಕ್ಕೆ 0.25 ಪಾಯಿಂಟ್. ಗಾಢ ಬಣ್ಣದೊಳಗೆ ಬಿಳಿ ಅಕ್ಷರ ಬಿಟ್ಟರೆ, ಅಂದರೆ ರಿವರ್ಸ್ ಆದರೆ, 0.5 ಪಾಯಿಂಟ್. ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟ್ ಆದರೆ 1 ಪಾಯಿಂಟ್. ಕಸೂತಿ ಆದರೆ ಸುಮಾರು 1 ಮಿ.ಮೀ. ಸಾಮಾನ್ಯ ಮಾನಿಟರಿಗೆ 1 ಪಿಕ್ಸೆಲ್. ಪ್ರೆಸ್‌ನವರು ತಮ್ಮದೇ ಅಂಕಿ ಕೊಟ್ಟರೆ ಅದನ್ನೇ ಹಿಡಿಯಿರಿ. ಅವರ ಮಷೀನು ಅವರಿಗೇ ಗೊತ್ತು.

20 ಅಂಕಿಯ ಫಾಂಟಿಗೆ ಲೆಕ್ಕ ಹಾಕಿ ನೋಡಿ. ಬಿಳಿ ಕಾಗದದ ಮೇಲೆ 12.5 ಪಾಯಿಂಟ್ ಕನಿಷ್ಠ. ರಿವರ್ಸಿಗೆ 25. ಟೀಶರ್ಟಿಗೆ 50. ಮಾನಿಟರಿಗೆ 50 ಪಿಕ್ಸೆಲ್. ಇನ್ನೂ ನಾಜೂಕಾದ, 8 ಅಂಕಿಯ ಫಾಂಟ್ ಆದರೆ? ರಿವರ್ಸಿಗೇ 63 ಪಾಯಿಂಟ್, ಮಾನಿಟರಿಗೆ 125 ಪಿಕ್ಸೆಲ್. ಒಂದೇ ಥರ ಕಾಣುವ ಎರಡು ಫಾಂಟುಗಳ ನಡುವೆ ಇಷ್ಟು ಅಂತರ.

ದೂರದಿಂದ ಓದುವ ಪೋಸ್ಟರಿಗೂ ಇದೇ ದಾರಿ. 5 ಮೀಟರ್ ದೂರಕ್ಕೆ ಗೆರೆ 1.5 ಮಿ.ಮೀ. ಬೇಕು. 20 ಅಂಕಿಯ ಫಾಂಟಿನಲ್ಲಿ ಸೈಜ್ 75 ಮಿ.ಮೀ., ಅಂದರೆ ಸುಮಾರು 213 ಪಾಯಿಂಟ್. ಒಂದು ಪಾಯಿಂಟ್ ಅಂದರೆ 0.353 ಮಿ.ಮೀ. ನೆನಪಿರಲಿ, ಫಾಂಟ್ ಸೈಜ್ ಅಂದರೆ ಅಕ್ಷರದ ಎತ್ತರವಲ್ಲ. ಕ್ಯಾಪಿಟಲ್ ಅಕ್ಷರ ಸಾಮಾನ್ಯವಾಗಿ ಅದರ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ.

ಮೊಬೈಲಿನಲ್ಲಿ ಹಂಚುವ ಚಿತ್ರಗಳಿಗೆ ಇನ್ನೊಂದು ಎಚ್ಚರಿಕೆ. 1080 ಪಿಕ್ಸೆಲ್ ಅಗಲದ ಚಿತ್ರ ಸಣ್ಣ ಚೌಕಗಳ ಸಾಲಿನಲ್ಲಿ ಕುಳಿತಾಗ ಮೂರನೇ ಒಂದು ಭಾಗಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಮೂಲದಲ್ಲಿ ತೆಳು ಗೆರೆ 3 ಪಿಕ್ಸೆಲ್ ಇದ್ದರೆ ಮಾತ್ರ ಅಲ್ಲಿ ಒಂದಾದರೂ ಉಳಿದೀತು.

ನಿಮ್ಮ ಸೈಜ್ ಈ ಲೆಕ್ಕಕ್ಕಿಂತ ಚಿಕ್ಕದಾಗಿದ್ದರೆ ಫಾಂಟ್ ಬದಲಿಸಿ. ಬೇರೆ ಉಪಾಯ ಹುಡುಕಬೇಡಿ.

## ಹಂತ 3: ಫೈಲನ್ನು ಪರೀಕ್ಷಿಸಿ

ಲೈಸೆನ್ಸ್ ಮೊದಲು. ಓಪನ್ ಫಾಂಟ್ ಲೈಸೆನ್ಸ್ ಇದ್ದರೆ ವ್ಯಾಪಾರದ ಕೆಲಸಕ್ಕೂ ಬಳಸಬಹುದು, ಫಾಂಟ್ ಫೈಲನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ ಅಷ್ಟೇ. "ವೈಯಕ್ತಿಕ ಬಳಕೆಗೆ ಮಾತ್ರ" ಅಂತ ಇದ್ದರೆ ಕ್ಲೈಂಟ್ ಕೆಲಸಕ್ಕೆ ಮುಟ್ಟಬೇಡಿ. ಹಣ ಕೊಟ್ಟು ಕೊಂಡ ಫಾಂಟುಗಳಲ್ಲಿ ಡೆಸ್ಕ್‌ಟಾಪಿಗೂ ವೆಬ್ಬಿಗೂ ಲೈಸೆನ್ಸ್ ಬೇರೆ ಬೇರೆ ಇರುವುದು ಮಾಮೂಲಿ.

ಆಮೇಲೆ ನಿಮ್ಮ ನಿಜವಾದ ಪಠ್ಯದಲ್ಲಿರುವ ಎಲ್ಲವನ್ನೂ ಟೈಪ್ ಮಾಡಿ ನೋಡಿ: ಅಂಕಿಗಳು, ರೂಪಾಯಿ ಚಿಹ್ನೆ, ಉದ್ಧರಣ ಚಿಹ್ನೆ, ಉದ್ದ ಅಡ್ಡಗೆರೆ. ಡಿಸ್‌ಪ್ಲೇ ಫಾಂಟುಗಳಲ್ಲಿ, ಅಂದರೆ ಶೀರ್ಷಿಕೆಯಂಥ ದೊಡ್ಡ ಅಕ್ಷರಕ್ಕೆಂದೇ ಮಾಡಿದವುಗಳಲ್ಲಿ, ಇವು ಇಲ್ಲದಿರುವುದು ಅಪರೂಪವೇನಲ್ಲ. ಆಗ ಸಾಫ್ಟ್‌ವೇರ್ ಸದ್ದಿಲ್ಲದೆ ಬೇರೆ ಫಾಂಟಿನ ಚಿಹ್ನೆ ತಂದು ಕೂರಿಸುತ್ತದೆ. ಸಾಲಿನಲ್ಲಿ ಒಂದೇ ಒಂದು ಅಕ್ಷರ ಮಂಕಾಗಿ, ಒಂದೇ ದಪ್ಪದಲ್ಲಿ ಕಂಡರೆ ಅದೇ ಕಾರಣ.

ಎಷ್ಟು ವೇಟ್, ಅಂದರೆ ರೆಗ್ಯುಲರ್, ಬೋಲ್ಡ್ ಥರದ ದಪ್ಪದ ಆವೃತ್ತಿಗಳು, ಇವೆ ಎಂಬುದನ್ನೂ ನೋಡಿ. ಒಂದೇ ರೆಗ್ಯುಲರ್ ಇದ್ದರೆ ಬೋಲ್ಡ್ ಬಟನ್ ನಿಮಗೆ ನಿಷಿದ್ಧ. ಯಾಕೆ ಅಂತ 8ನೇ ಹಂತದಲ್ಲಿ ಹೇಳುತ್ತೇನೆ. ಆಪ್ಟಿಕಲ್ ಸೈಜ್ ಇರುವ ಫಾಂಟ್ ಸಿಕ್ಕರೆ ಅದೃಷ್ಟ. ಚಿಕ್ಕ ಸೈಜಿಗೆ ಅದರ ತೆಳು ಗೆರೆ ತಾನಾಗಿ ದಪ್ಪವಾಗುತ್ತದೆ. ಬೊಡೋನಿ ಮೋಡಾದಂಥ ಸೆರಿಫ್ ಫಾಂಟಿನಲ್ಲಿ ಈ ಸೌಲಭ್ಯ ಇದೆ. ಸ್ಯಾನ್ಸ್‌ನಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ.

## ಹಂತ 4: ನಿಮ್ಮ ಪದ ಈ ಫಾಂಟಿಗೆ ಒಪ್ಪುತ್ತದೆಯೇ?

ಫಾಂಟ್ ಮಾರುವವರು ತೋರಿಸುವ ಪದ ಯಾವಾಗಲೂ ಚೆಂದವೇ ಇರುತ್ತದೆ. ಅವರು ಆರಿಸಿಯೇ ಹಾಕಿರುತ್ತಾರೆ, ಅಲ್ವಾ? ನೀವು ನಿಮ್ಮ ಪದ ಹಾಕಿ ನೋಡಿ.

ಓ, ಸಿ, ಜಿ, ಎಸ್, ಡಿ ಇರುವ ಪದಗಳಲ್ಲಿ ದಪ್ಪ ಮತ್ತು ತೆಳು ಗೆರೆಗಳ ಆಟ ಚೆನ್ನಾಗಿ ಕಾಣುತ್ತದೆ. ಐ, ಎಲ್, ಟಿ, ಎಚ್ ತುಂಬಿದ ಪದದಲ್ಲಿ ನೇರ ಕಂಬಗಳ ಸಾಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಅಂಥ ಪದಕ್ಕೆ ಸ್ಮಾಲ್ ಅಕ್ಷರಗಳಲ್ಲಿ ಪ್ರಯತ್ನಿಸಿ. ಪೆನ್ಯೋ ಥರದ ಫಾಂಟಿನಲ್ಲಿ ಸ್ಮಾಲ್ ಅಕ್ಷರಗಳ ಜಾಗದಲ್ಲೂ ಬಹುತೇಕ ಕ್ಯಾಪಿಟಲ್ ರೂಪಗಳೇ ಇವೆ, ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಲೋಗೋ ಮಾಡುವವರು ಒಂದು ಚಿಕ್ಕ ತಪ್ಪು ಮಾಡುತ್ತಾರೆ. ಅಡ್ಡಪಟ್ಟಿ ಇಲ್ಲದ ಎ ಅಕ್ಷರ ಬೇಕು ಅಂತ ವಿ ಅಕ್ಷರವನ್ನು ತಲೆಕೆಳಗೆ ಮಾಡುತ್ತಾರೆ. ಇದನ್ನು ಮಾಡಲು ಎರಡು ದಾರಿ ಇದೆ: ಕನ್ನಡಿಯ ಹಾಗೆ ಮೇಲೆ ಕೆಳಗೆ ಮಗುಚುವುದು, ಅಥವಾ 180 ಡಿಗ್ರಿ ತಿರುಗಿಸುವುದು. ಒಂದೇ ದಪ್ಪದ ಫಾಂಟಿನಲ್ಲಿ ಎರಡೂ ಒಂದೇ. ಇಲ್ಲಿ ಹಾಗಲ್ಲ. ವಿ ಅಕ್ಷರದ ಎಡಗೆರೆ ದಪ್ಪ, ಬಲಗೆರೆ ತೆಳು. ಎ ಅಕ್ಷರಕ್ಕೆ ಉಲ್ಟಾ ಬೇಕು: ಎಡ ತೆಳು, ಬಲ ದಪ್ಪ. ಮಗುಚಿದರೆ ದಪ್ಪ ಗೆರೆ ಎಡದಲ್ಲೇ ಉಳಿದು ಅಕ್ಷರ ಸೊಟ್ಟಗೆ ಕಾಣುತ್ತದೆ. ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ತಿರುಗಿಸಿದರೆ ದಪ್ಪ ಗೆರೆ ಬಲಕ್ಕೆ ಹೋಗಿ ಸರಿಯಾಗಿ ಕೂರುತ್ತದೆ.

## ಹಂತ 5: ಅಂತರ ಸರಿಪಡಿಸಿ

ಸೈಜ್ ಪಕ್ಕಾ ಆದಮೇಲೆ ಮಾತ್ರ ಇಲ್ಲಿಗೆ ಬನ್ನಿ. ಮೊದಲು ಟ್ರ್ಯಾಕಿಂಗ್, ಆಮೇಲೆ ಕರ್ನಿಂಗ್. ಟ್ರ್ಯಾಕಿಂಗ್ ಅಂದರೆ ಇಡೀ ಪದದ ಅಂತರ, ಕರ್ನಿಂಗ್ ಅಂದರೆ ಒಂದೊಂದು ಜೋಡಿಯ ಅಂತರ. ಇಡೀ ಪದ ಸಡಿಲವಾಗಿದ್ದಾಗ ಜೋಡಿಗಳನ್ನು ತಿದ್ದುತ್ತಾ ಕೂತರೆ ಸುಮ್ನೆ ಸಮಯ ಹಾಳು.

ಬರೀ ಕ್ಯಾಪಿಟಲ್ ಅಕ್ಷರಗಳಾದರೆ ಸ್ವಲ್ಪ ಸಡಿಲ ಬಿಡಿ. ಇಲ್ಲಸ್ಟ್ರೇಟರಿನ ಅಳತೆಯಲ್ಲಿ 20ರಿಂದ 60ರೊಳಗೆ ಶುರು ಮಾಡಬಹುದು. ಸ್ಮಾಲ್ ಅಕ್ಷರಗಳಾದರೆ ಸೊನ್ನೆಯಲ್ಲೇ ಇರಲಿ. ತೀರಾ ದೊಡ್ಡ ಸೈಜಿಗೆ ಒಂದಿಷ್ಟು ಬಿಗಿ ಮಾಡಬಹುದು. 200, 300 ಅಂತ ಎಳೆದರೆ ಐಷಾರಾಮಿಯಾಗಿ ಕಾಣುತ್ತದೆ ಅನ್ನುವ ನಂಬಿಕೆ ಇದೆ. ಈ ಜಾತಿಯ ಫಾಂಟಿನಲ್ಲಿ ಅಷ್ಟು ಎಳೆದರೆ ತೆಳು ಗೆರೆಗಳು ಒಂಟಿಯಾಗಿ ಬಿದ್ದು ಪದ ಚೂರುಚೂರಾಗುತ್ತದೆ. ಅಂತರ ಹೆಚ್ಚಿಸಿದಾಗ ಕೂಡಕ್ಷರಗಳನ್ನು, ಅಂದರೆ ಲಿಗೇಚರ್‌ಗಳನ್ನು, ಆಫ್ ಮಾಡಿ. ಇಲ್ಲದಿದ್ದರೆ ಎಫ್ ಮತ್ತು ಐ ಮಾತ್ರ ಅಂಟಿಕೊಂಡು ಉಳಿದವು ದೂರ ನಿಲ್ಲುತ್ತವೆ.

ಕರ್ನಿಂಗ್‌ನಲ್ಲಿ ಎ-ವಿ, ಎಲ್-ಟಿ, ಟಿ-ಓ, ವೈ-ಎ ಜೋಡಿಗಳು ಎಲ್ಲ ಫಾಂಟಿನಲ್ಲೂ ತೊಂದರೆ ಕೊಡುತ್ತವೆ. ಇಲ್ಲಿ ಅದರ ಜೊತೆ ಹೊಸ ತಲೆನೋವು: ತೆಳು ಕಂಬದ ಪಕ್ಕದ ಜಾಗ ದಪ್ಪ ಕಂಬದ ಪಕ್ಕದ ಜಾಗಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎನ್ ಪಕ್ಕ ಎಂ ಬಂದಾಗ ಎರಡು ತೆಳು ಗೆರೆಗಳು ಎದುರುಬದುರಾಗಿ ನಡುವೆ ತೂತು ಬಿದ್ದ ಹಾಗೆ ಅನಿಸುತ್ತದೆ. ಎಚ್ ಪಕ್ಕ ಐ ಬಂದಾಗ ಎರಡು ದಪ್ಪ ಕಂಬಗಳು ಸೇರಿ ಕಪ್ಪು ಮುದ್ದೆ. ಅಳತೆಯ ಪ್ರಕಾರ ಎರಡೂ ಕಡೆ ಅಂತರ ಒಂದೇ ಇರಬಹುದು. ಇಲ್ಲಿ ಕಣ್ಣು ಹೇಳಿದ್ದೇ ಸರಿ. ಮೊದಲನೆಯದನ್ನು ಹತ್ತಿರ ತನ್ನಿ, ಎರಡನೆಯದನ್ನು ದೂರ ಮಾಡಿ.

ಮೂರು ಮೂರು ಅಕ್ಷರಗಳನ್ನು ಮಾತ್ರ ನೋಡುತ್ತಾ ಸಾಗಿ, ಉಳಿದದ್ದನ್ನು ಕೈಯಿಂದ ಮುಚ್ಚಿಕೊಳ್ಳಿ. ನಡುವಿನ ಅಕ್ಷರ ಯಾವ ಕಡೆಗೂ ವಾಲಬಾರದು. ಮುಗಿದಮೇಲೆ ಇಡೀ ಪದವನ್ನು ತಲೆಕೆಳಗೆ ಮಾಡಿ ನೋಡಿ. ಓದಲು ಆಗದಿದ್ದಾಗ ಕಣ್ಣಿಗೆ ಬರೀ ಜಾಗ ಕಾಣುತ್ತದೆ.

ಎರಡು ಸಾಲಿನ ಶೀರ್ಷಿಕೆಯಾದರೆ ಕ್ಯಾಪಿಟಲ್ ಅಕ್ಷರಗಳಿಗೆ ಸಾಲಿನ ಅಂತರವನ್ನು ಫಾಂಟ್ ಸೈಜಿನಷ್ಟೇ ಅಥವಾ ತುಸು ಕಡಿಮೆ ಇಡಬಹುದು. ಕೆಳಗೆ ಇಳಿಯುವ ಬಾಲ ಇಲ್ಲವಲ್ಲ.

## ಹಂತ 6: ಬಣ್ಣ ಮತ್ತು ಹಿನ್ನೆಲೆ

ಬಿಳಿಯ ಮೇಲೆ ಕಪ್ಪು ಅಚ್ಚಾದಾಗ ಶಾಯಿ ಹರಡಿ ತೆಳು ಗೆರೆ ಸ್ವಲ್ಪ ದಪ್ಪವಾಗುತ್ತದೆ. ಅದು ನಮಗೆ ಅನುಕೂಲವೇ. ರಿವರ್ಸ್ ಮಾಡಿದಾಗ ಸುತ್ತಲ ಶಾಯಿ ಗೆರೆಯ ಒಳಗೇ ನುಗ್ಗುತ್ತದೆ. ಕೋಟಿಂಗ್ ಇಲ್ಲದ ಕಾಗದದಲ್ಲಿ ಇನ್ನೂ ಜಾಸ್ತಿ. ಮೇಲೆ ಎರಡಕ್ಕೂ ಬೇರೆ ಮಿತಿ ಕೊಟ್ಟಿದ್ದು ಇದಕ್ಕೇ.

ನಾಲ್ಕು ಬಣ್ಣ ಸೇರಿಸಿ ಮಾಡಿದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಡುವುದು ಅತಿ ಅಪಾಯದ ಕೆಲಸ. ಪ್ರತಿ ಬಣ್ಣಕ್ಕೂ ಇರುವ ಅಚ್ಚಿನ ಪ್ಲೇಟುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ತೆಳು ಗೆರೆಯಲ್ಲಿ ಬಣ್ಣ ತುಂಬುತ್ತದೆ. ಹಿನ್ನೆಲೆಯನ್ನು ಒಂದೇ ಶಾಯಿಯಲ್ಲಿ ಮಾಡಿ, ಇಲ್ಲವೇ ಸ್ಪಾಟ್ ಬಣ್ಣ, ಅಂದರೆ ಮೊದಲೇ ಬೆರೆಸಿ ತಯಾರಿಸಿದ ಶಾಯಿ, ಬಳಸಿ. ಕಪ್ಪು ಅಕ್ಷರ ಬೇಕಿದ್ದರೆ ಬರೀ ಕಪ್ಪು ಶಾಯಿ 100 ಪರ್ಸೆಂಟ್, ಓವರ್‌ಪ್ರಿಂಟ್ (ಹಿನ್ನೆಲೆಯ ಬಣ್ಣದ ಮೇಲೆಯೇ ಅಚ್ಚಾಗುವ ಸೆಟ್ಟಿಂಗ್) ಆನ್. ನಾಲ್ಕೂ ಶಾಯಿ ಬೆರೆಸಿದ ಗಾಢ ಕಪ್ಪು ಬೇಡ.

30 ಪರ್ಸೆಂಟ್ ಬೂದು ಬಣ್ಣದ ಅಕ್ಷರವೂ ಬೇಡ. ಪ್ರಿಂಟಿನಲ್ಲಿ ಬೂದು ಅಂದರೆ ಚುಕ್ಕೆಗಳು. ತೆಳು ಗೆರೆ ಚುಕ್ಕೆಗಿಂತ ಸಣ್ಣದಾದರೆ ಅಲ್ಲಲ್ಲಿ ಕತ್ತರಿಸಿ ಹೋಗುತ್ತದೆ.

ಫೋಟೋ ಮೇಲೆ ಹಾಕುವುದಾದರೆ ಆಕಾಶ, ಗೋಡೆ ಥರದ ಸಪಾಟು ಜಾಗ ಹುಡುಕಿ. ಎಲೆ, ಕೂದಲು, ಜನಸಂದಣಿ ಇರುವ ಕಡೆ ತೆಳು ಗೆರೆ ಅದರಲ್ಲೇ ಬೆರೆತುಹೋಗುತ್ತದೆ. ನೆರಳು ಹಾಕಿ ಸರಿಪಡಿಸಲು ಹೋಗಬೇಡಿ. ನೆರಳು ಗೆರೆಗಿಂತ ದಪ್ಪವಾಗಿ ಬಿಡುತ್ತದೆ.

ವೆಬ್ಬಿನಲ್ಲಿ ದೊಡ್ಡ ಅಕ್ಷರಗಳಿಗೆ, ಅಂದರೆ 24 ಪಿಕ್ಸೆಲ್ ಮತ್ತು ಅದರ ಮೇಲಿನದಕ್ಕೆ, ಎಲ್ಲರಿಗೂ ಓದಲು ಆಗಬೇಕು ಅಂತ ಮಾಡಿದ ಡಬ್ಲ್ಯುಸಿಎಜಿ (WCAG) ನಿಯಮದ ಎಎ ಮಟ್ಟ, ಅಕ್ಷರ ಮತ್ತು ಹಿನ್ನೆಲೆಯ ನಡುವೆ 3:1 ಬಣ್ಣದ ಅನುಪಾತವನ್ನು ಒಪ್ಪುತ್ತದೆ. ಈ ಫಾಂಟುಗಳಿಗೆ ಅದು ಸಾಲದು. ಚಿಕ್ಕ ಅಕ್ಷರಕ್ಕೆ ಹೇಳಿರುವ 4.5:1 ಅನ್ನೇ ಕನಿಷ್ಠ ಅಂತ ಇಟ್ಟುಕೊಳ್ಳಿ. ಒಂದು ಪಿಕ್ಸೆಲ್ಲಿಗಿಂತ ತೆಳುವಾದ ಗೆರೆ ಹಿನ್ನೆಲೆಯ ಬಣ್ಣದೊಂದಿಗೆ ಬೆರೆತು ಮಾಸಲಾಗುತ್ತದೆ. ಅನುಪಾತ ಅಳೆಯುವ ಟೂಲಿಗೆ ಅದು ಗೊತ್ತಾಗುವುದಿಲ್ಲ.

## ಹಂತ 7: ಜೊತೆಗೆ ಯಾವ ಫಾಂಟ್?

ಉಪಶೀರ್ಷಿಕೆಗೂ ಅದೇ ಫಾಂಟ್ ಚಿಕ್ಕದಾಗಿ ಹಾಕುವುದು ಎಲ್ಲರೂ ಮಾಡುವ ತಪ್ಪು. 120 ಪಾಯಿಂಟಿನ ಕೆಳಗೆ 30 ಪಾಯಿಂಟ್ ಹಾಕಿದರೆ ತೆಳು ಗೆರೆ ಕಾಲು ಭಾಗವಾಗುತ್ತದೆ. ಉಪಶೀರ್ಷಿಕೆಗೆ ಒಂದೇ ದಪ್ಪದ, ಸರಳವಾದ ಸ್ಯಾನ್ಸ್ ತನ್ನಿ. ಇನ್ನೊಂದು ಅಲಂಕಾರದ ಫಾಂಟ್ ಬೇಡ. ಒಂದು ಪುಟದಲ್ಲಿ ಗಮನ ಸೆಳೆಯುವ ಫಾಂಟ್ ಒಂದೇ ಇರಲಿ.

ಕನ್ನಡ ಜೊತೆಗಿದ್ದರೆ ಎರಡು ದಾರಿ. ಕನ್ನಡವೂ ಶೀರ್ಷಿಕೆಯ ಸಮಕ್ಕೆ ನಿಲ್ಲಬೇಕಾದರೆ ದಪ್ಪ-ತೆಳು ವ್ಯತ್ಯಾಸ ಇರುವ ನೋಟೊ ಸೆರಿಫ್ ಕನ್ನಡ ನೋಡಿ. ಅದರಲ್ಲಿ ವೇಟ್‌ಗಳು ಸಾಕಷ್ಟಿವೆ. ಕನ್ನಡ ಕೆಳಸಾಲಿನಲ್ಲಿದ್ದರೆ ಅನೇಕ್ ಕನ್ನಡದಂಥ ಸರಳ ಫಾಂಟ್ ಸಾಕು. ಎರಡಕ್ಕೂ ಒಂದೇ ಪಾಯಿಂಟ್ ಕೊಟ್ಟು ಬಿಡಬೇಡಿ. ಕಣ್ಣಿಗೆ ಸಮ ಕಾಣುವವರೆಗೆ ಬೇರೆ ಬೇರೆಯಾಗಿ ಹೊಂದಿಸಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಅಂತರ 1.3 ಅಥವಾ 1.4 ಪಟ್ಟು ಕೊಡಿ. ಇಂಗ್ಲಿಷ್ ಸಾಲಿಗೆ ಕೊಟ್ಟ ಟ್ರ್ಯಾಕಿಂಗನ್ನು ಕನ್ನಡಕ್ಕೆ ಕೊಡಬೇಡಿ. ಕೆಲವು ಸಾಫ್ಟ್‌ವೇರುಗಳಲ್ಲಿ ದೀರ್ಘದ ಚಿಹ್ನೆ ಅಕ್ಷರದಿಂದ ಬೇರ್ಪಟ್ಟು ದೂರ ಹೋಗಿ ನಿಲ್ಲುತ್ತದೆ.

## ಹಂತ 8: ಕಳಿಸುವ ಮುನ್ನ

ವೆಬ್ಬಿನಿಂದ ಶುರು ಮಾಡೋಣ, ಊದಿಕೊಂಡ ಫಾಂಟಿನ ಗುಟ್ಟು ಇಲ್ಲಿದೆ. ಬ್ರೌಸರುಗಳು ಶೀರ್ಷಿಕೆ ಟ್ಯಾಗನ್ನು ತಾವಾಗಿಯೇ ಬೋಲ್ಡ್ ಮಾಡುತ್ತವೆ. ನಿಮ್ಮ ಫಾಂಟಿನಲ್ಲಿ ಬೋಲ್ಡ್ ಇಲ್ಲದಿದ್ದರೆ ಬ್ರೌಸರ್ ಎಲ್ಲ ಗೆರೆಗೂ ಒಂದಿಷ್ಟು ದಪ್ಪ ಸೇರಿಸಿ ಸುಳ್ಳು ಬೋಲ್ಡ್ ತಯಾರಿಸುತ್ತದೆ. ಸ್ಟೈಲ್‌ಶೀಟಿನಲ್ಲಿ ಶೀರ್ಷಿಕೆಯ ಫಾಂಟ್ ವೇಟನ್ನು 400 ಅಂತ ಸ್ಪಷ್ಟವಾಗಿ ಬರೆಯಿರಿ, ಫಾಂಟ್ ಸಿಂಥಸಿಸ್ ಅನ್ನು none ಅಂತ ಮಾಡಿ (font-synthesis: none). ಮೊಬೈಲಿನಲ್ಲಿ ಶೀರ್ಷಿಕೆ ತಾನಾಗಿ ಚಿಕ್ಕದಾಗುವಂತೆ ಮಾಡಿದ್ದರೆ ಅದಕ್ಕೊಂದು ಕೆಳಮಿತಿ ಹಾಕಿ. ಮಿತಿ ಎಷ್ಟು ಅನ್ನುವುದು 2ನೇ ಹಂತದಲ್ಲೇ ಸಿಕ್ಕಿದೆ. ರೆಟಿನಾ ಥರದ ಎರಡು ಪಟ್ಟು ಸ್ಕ್ರೀನಿನಲ್ಲಿ ಅದರ ಅರ್ಧಕ್ಕೂ ನಡೆಯುತ್ತದೆ, ಆದರೆ ಎಲ್ಲರ ಬಳಿಯೂ ಅದಿಲ್ಲ.

ಪ್ರಿಂಟಿಗೆ: ಮೂಲ ಫೈಲಿನ ಒಂದು ಪ್ರತಿ ಎತ್ತಿಟ್ಟು, ಇನ್ನೊಂದರಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ ಪಿಡಿಎಫ್ ಕೊಡಿ. ಜೆಪೆಗ್ ಬೇಡ. ವಾಟ್ಸ್ಯಾಪಿನಲ್ಲಿ ಕಳಿಸಲೇಬೇಕಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಆಮೇಲೆ ನಿಜವಾದ ಸೈಜಿನಲ್ಲಿ ಒಂದು ತುಂಡು ಪ್ರಿಂಟ್ ತೆಗೆದು, ಓದುವ ದೂರದಲ್ಲಿ ಗೋಡೆಗೆ ಅಂಟಿಸಿ ನೋಡಿ.

## ಈ ಸೂಚನೆಗಳು ಕಂಡರೆ ನಿಲ್ಲಿಸಿ

ಝೂಮ್ ಮಾಡಿದಾಗ ಮಾತ್ರ ಚೆನ್ನಾಗಿ ಕಾಣುತ್ತಿದೆ. ಸೈಜ್ ಸಾಲದು. 2ನೇ ಹಂತಕ್ಕೆ ಹಿಂತಿರುಗಿ.

ಇ ಅಕ್ಷರ ಐ ಥರ, ಓ ಅಕ್ಷರ ಎರಡು ಆವರಣ ಚಿಹ್ನೆಗಳ ಥರ ಕಾಣುತ್ತಿದೆ. ಅಡ್ಡ ಗೆರೆಗಳು ಹೋಗಿವೆ. ಹಿನ್ನೆಲೆ ಗಾಢವಾಗಿದ್ದರೆ ತಿಳಿ ಮಾಡಿ, ಅಕ್ಷರ ಗಾಢ ಮಾಡಿ. ಆಗಲೂ ಬರದಿದ್ದರೆ ಸೈಜ್ ಹೆಚ್ಚಿಸಿ.

ಜಾಗ ತುಂಬಲು ಅಕ್ಷರವನ್ನು ಅಡ್ಡಕ್ಕೆ ಎಳೆಯಬೇಕು ಅನಿಸುತ್ತಿದೆ. ಎಳೆದರೆ ನಿಂತ ಗೆರೆ ಮಾತ್ರ ದಪ್ಪವಾಗುತ್ತದೆ, ಮಲಗಿದ ಗೆರೆ ಇದ್ದಷ್ಟೇ ಇರುತ್ತದೆ. ಅಗಲದ ಆವೃತ್ತಿ ಇರುವ ಫಾಂಟ್ ಹುಡುಕಿ, ಅಥವಾ ಜಾಗ ಖಾಲಿ ಬಿಡಿ. ಖಾಲಿ ಜಾಗ ಈ ಫಾಂಟುಗಳಿಗೆ ಒಳ್ಳೆಯದೇ.

ತೆಳು ಗೆರೆ ಉಳಿಸಲು ಅಕ್ಷರದ ಸುತ್ತ ಸ್ಟ್ರೋಕ್, ಅಂದರೆ ಹೊರಗೆರೆ, ಹಾಕಿದ್ದೀರಿ. ತೆಳು ಗೆರೆ 20, ದಪ್ಪ ಗೆರೆ 120 ಇದ್ದ ಫಾಂಟಿಗೆ ಎರಡೂ ಬದಿ 10ರಂತೆ ಸೇರಿಸಿದರೆ 40 ಮತ್ತು 140 ಆಗುತ್ತದೆ. ಆರು ಪಟ್ಟು ಇದ್ದ ವ್ಯತ್ಯಾಸ ಮೂರೂವರೆಗೆ ಇಳಿಯಿತು. ಮೂಲೆಗಳೂ ಮೊಂಡಾಗುತ್ತವೆ. ನಾಳೆ ಬೆಳಗ್ಗೆ ಪ್ರೆಸ್‌ಗೆ ಹೋಗಲೇಬೇಕು, ಬೇರೆ ದಾರಿಯೇ ಇಲ್ಲ ಅಂದಾಗ ಇದರ ಕಾಲು ಭಾಗದಷ್ಟು ಹಾಕಿ. ಅದಕ್ಕಿಂತ ಜಾಸ್ತಿ ಬೇಕಾದರೆ ಕಡಿಮೆ ಕಾಂಟ್ರಾಸ್ಟಿನ ಫಾಂಟನ್ನೇ ತೆಗೆದುಕೊಳ್ಳಿ.